ಕಾರು ಬಾರದ ಗಲ್ಲಿಯಲ್ಲಿ ಐದು ಕಾರಿಗೆ ಜಾಗ ತೋರಿಸಬೇಕಂತೆ

ಐದು ಕಾರು! ಹತ್ತು ಅಡಿ ಗಲ್ಲಿಯಲ್ಲಿ! ಹಾಲಿನ ಆಟೋ ಬಂದರೆ ಎದುರಿಗಿರುವ ಸ್ಕೂಟರ್ ಹಿಂದಕ್ಕೆ ಹೋಗಬೇಕು, ಅಂಥ ಗಲ್ಲಿ. ಮೆಜೆಸ್ಟಿಕ್ ಬೆನ್ನಿಗೇ ಇದೆ, ಮೆಟ್ರೋಗೆ ನಡೆದೇ ಹೋಗಬಹುದು. ಅಲ್ಲಿ ಹಳೇ ಮನೆ ಕೆಡವಿ ನಾಲ್ಕು ಫ್ಲಾಟ್ ಕಟ್ಟೋದಕ್ಕೆ ನಾನು ಹಾಕಿದ ನಕ್ಷೆಯನ್ನು ಒಪ್ಪಿಗೆಗೆ ಪಾಲಿಕೆ ಕಚೇರಿಗೆ ತಗೊಂಡು ಹೋದರೆ ಮೊದಲನೇ ಮಾತೇ ಪಾರ್ಕಿಂಗ್.

ನಿಯಮ ನನಗೂ ಗೊತ್ತು. 50 ಚದರ ಮೀಟರ್ ದಾಟಿದ ಪ್ರತಿ ಫ್ಲಾಟಿಗೆ ಒಂದು ಕಾರು, ಅದರ ಮೇಲೆ ಬಂದುಹೋಗುವವರಿಗೆ ಶೇ 10. ನಾಲ್ಕು ಫ್ಲಾಟಿಗೆ 4.4, ಅದನ್ನು ಐದು ಮಾಡಿದರು. ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ಸೈಟು 30×50 ಅಡಿ. ಸುತ್ತ ಒಂದೊಂದು ಮೀಟರ್ ಬಿಟ್ಟರೆ ಉಳಿಯೋದು ಏಳು ಮೀಟರ್ ಅಗಲ, ಹದಿಮೂರು ಮೀಟರ್ ಉದ್ದ. ಪಕ್ಕಪಕ್ಕ ಎರಡು ಕಾರು ಇಟ್ಟರೆ ಐದು ಮೀಟರ್ ಹೋಯ್ತು. ಮಿಕ್ಕ ಎರಡು ಮೀಟರಿನಲ್ಲಿ ಮೆಟ್ಟಿಲು, ಮೀಟರ್ ಬೋರ್ಡು, ಪಂಪು ಎಲ್ಲಾ ಬರಬೇಕು. ಪಿಲ್ಲರ್‌ಗಳನ್ನು ಎಲ್ಲಿ ನಿಲ್ಲಿಸೋದು? ಹಿಂದೆ ಇನ್ನೆರಡು ಕಾರು ತುರುಕಬಹುದು. ಆದರೆ ಅವು ಹೊರಗೆ ಬರಬೇಕಾದರೆ ಮುಂದಿನವನ್ನು ಗಲ್ಲಿಗೆ ತೆಗೆದು ನಿಲ್ಲಿಸಬೇಕು, ಆಗ ಗಲ್ಲಿಯೇ ಬಂದ್. ಐದನೇದಕ್ಕೆ ಜಾಗ ನೀವೇ ಹುಡುಕಿ ಕೊಡಿ.

ಇದೆಲ್ಲಾ ಕಾರು ಒಳಗೆ ಬಂದ ಮೇಲಿನ ಮಾತು. ಲಂಬ ಕೋನದಲ್ಲಿ ತಿರುಗಿ ಒಳಗೆ ಬರೋದಕ್ಕೆ ಕಾರಿನ ಮುಂದೆ ಸುಮಾರು ಆರು ಮೀಟರ್ ಬೇಕು. ಗಲ್ಲಿ ಮೂರು, ಮುಂದೆ ಬಿಟ್ಟ ಜಾಗ ಒಂದು, ಸೇರಿ ನಾಲ್ಕು. ಸ್ವಿಫ್ಟ್ ಉದ್ದವೇ 3.8 ಮೀಟರ್ ದಾಟುತ್ತೆ. ತಿರುಗಲ್ಲ. ಎಷ್ಟು ಸಲ ಹಿಂದೆ ಮುಂದೆ ಮಾಡಿದರೂ ಎದುರುಮನೆ ಗೋಡೆಗೇ ಬಂಪರ್.

ಇದನ್ನೇ ಕಚೇರಿಯ ಅಧಿಕಾರಿಗೆ ಹೇಳಿದೆ. ಅವರು ನಕ್ಷೆ ತಮ್ಮ ಕಡೆ ಎಳ್ಕೊಂಡರು. ಕೆಂಪು ಪೆನ್ನು ತೆಗೆದು, ನಾನು ಅಳತೆ ಮಾಡಿ ಹಾಕಿದ್ದ ಮೆಟ್ಟಿಲ ಮೇಲೆಯೇ ಒಂದು ಚೌಕ ಗೀಚಿದರು. "ಇಲ್ಲೊಂದು ಬರುತ್ತಲ್ರೀ. ಮೆಟ್ಟಿಲು ಆಚೆ ತಳ್ಳಿ."

"ಸರ್, ಕಾರು ಗಲ್ಲಿಯಿಂದ ಒಳಗೇ ತಿರುಗಲ್ಲ."

"ಕಾರು ತಿರುಗುತ್ತಾ ಅಂತ ಯಾರ್ರೀ ಕೇಳಿದ್ರು? ನಕ್ಷೇಲಿ ಕೂತ್ರೆ ಸಾಕು. ಕಟ್ಟಿದ್ಮೇಲೆ ಅಂಗಡಿ ಮಾಡ್ಕೊಳ್ಳಿ, ಗೋಡೌನ್ ಮಾಡ್ಕೊಳ್ಳಿ. ಇಷ್ಟೂ ಗೊತ್ತಿಲ್ದೆ ನಕ್ಷೆ ಹಾಕೋಕೆ ಬಂದ್ರಾ?"

ಹಿಂದೆ ಸಾಲಲ್ಲಿ ನಿಂತಿದ್ದವರು ನಕ್ಕರು. ಮನೆಯ ಯಜಮಾನರು ಪಕ್ಕದಲ್ಲೇ ಇದ್ದರು. ಕೆಳಗಿಳಿದು ಬಂದ ಮೇಲೆ ಮೆಲ್ಲಗೆ ಕೇಳಿದರು, "ಅವರು ಹೇಳ್ದಂಗೆ ಹಾಕ್ಕೊಟ್ಟುಬಿಡಿ ಸ್ವಾಮಿ, ನಿಮಗೇನು ಕಷ್ಟ?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ನಗು ಇನ್ನೂ ಕಿವಿಯಲ್ಲಿದೆ.

ನಿಮಗೇನು ಕಷ್ಟ ಅಂದರೆ, ಕೆಳಗೆ ರುಜು ನಂದು. ನಾಳೆ ಪಾರ್ಕಿಂಗ್ ಜಾಗ ಅಂಗಡಿಯಾದರೆ ನಕ್ಷೆ ಉಲ್ಲಂಘನೆ ಅಂತ ನೋಟಿಸ್ ಬರೋದು ಇದೇ ಯಜಮಾನರಿಗೆ. ಒಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಪತ್ರ, ಸಿಗಲ್ಲ. ಒಸಿ ಇಲ್ಲದಿದ್ದರೆ ಕರೆಂಟ್ ಕೊಡಬೇಡಿ ಅಂದ 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕರೆಂಟಿಗೆ ಜನ ಎಷ್ಟು ಅಲೆದಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಸುಳ್ಳು ಬರೆಸಿದವರಿಗೆ ಏನೂ ಆಗಲ್ಲ.

ಹೋಗಲಿ ಬಿಡಿ, ಊರೆಲ್ಲಾ ಹೀಗೇ ಕಟ್ಟಿದ್ದಾರೆ, ನಾನೊಬ್ಬ ಯಾಕೆ ಒದ್ದಾಡಲಿ ಅನ್ಸುತ್ತೆ. ನಾಳೆ ಆ ಕೆಂಪು ಚೌಕ ಹಾಕಿ ಕೊಟ್ಟರೆ ಮುಗೀತು. ಇಲ್ಲ, ಯಾಕೆ ಬಿಡಬೇಕು? ಆ ಗಲ್ಲಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಫ್ರೀಡಂ ಪಾರ್ಕ್ ಪಕ್ಕ ಸುಮಾರು 80 ಕೋಟಿ ಸುರಿದು ಬಹುಮಹಡಿ ಪಾರ್ಕಿಂಗ್ ಕಟ್ಟಿದ್ದಾರೆ. 550ಕ್ಕೂ ಹೆಚ್ಚು ಕಾರು ಹಿಡಿಯುತ್ತೆ. ಕಟ್ಟಿ ಮುಗಿದ ಮೇಲೂ ನಡೆಸುವವರಿಲ್ಲದೆ ಬಾಗಿಲು ಹಾಕ್ಕೊಂಡಿತ್ತು, 2024ರಲ್ಲಿ ತೆರೆದರು. ಗಲ್ಲಿ ಮನೆಯವರಿಗೆ ಅಲ್ಲೇ ತಿಂಗಳ ಪಾಸ್ ಕೊಟ್ಟು, ಅದನ್ನೇ ನಕ್ಷೆಗೆ ಪಾರ್ಕಿಂಗ್ ಅಂತ ಒಪ್ಪಿಕೊಂಡರೆ ಯಾರಿಗೆ ನಷ್ಟ? ಓಡಾಡುವ ಜಾಗವೂ ಸೇರಿದರೆ ಒಂದು ಕಾರಿಗೆ ಸುಮಾರು 25 ಚದರ ಮೀಟರ್ ಬೇಕು. ಅಷ್ಟರಲ್ಲಿ ಒಂದು ಸಣ್ಣ ಸಂಸಾರ ಬಾಡಿಗೆಗೆ ಇರಬಹುದು.

ನಾವು ಇವತ್ತಿಗೂ ಅಳೆಯುತ್ತಿರೋದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆ ಅಂತ ಮಾಡಿದ ಬೆಂಗಳೂರಿನ ಮಹಾಯೋಜನೆಯ ಕೋಲಿನಲ್ಲಿ. 2031ರ ಕರಡು ಬಂತು, 2020ರಲ್ಲಿ ವಾಪಸ್ ಹೋಯ್ತು.

ನಗರ ಯೋಜನೆ ಓದಿದವರು, ಕಚೇರಿಯೊಳಗೆ ಕೂತವರು, ಯಾರಾದರೂ ಒಬ್ಬರು ಉತ್ತರ ಕೊಡಿ. ಮೂರು ಮೀಟರ್ ಗಲ್ಲಿಯಿಂದ ಕಾರನ್ನು ಆ ಕೆಂಪು ಚೌಕದೊಳಗೆ ತಂದು ನಿಲ್ಲಿಸೋದು ಹೇಗೆ ಅಂತ ಅಳತೆ ಹಾಕಿ ತೋರಿಸಿ. ತೋರಿಸೋಕೆ ಆಗದಿದ್ದರೆ, ಅಂಥ ಗಲ್ಲಿಗಳಿಗೆ ಪಾರ್ಕಿಂಗ್ ಬೇಡ ಅಂತ ಬರೆದು ರುಜು ಹಾಕಿ.