ಕಾದು ಹೊತ್ತಿಕೊಳ್ಳುವ ಲ್ಯಾಪ್‌ಟಾಪ್ ಬ್ಯಾಟರಿ: ವಾಪಸ್ ಪಡೆಯುವ ಹೊಣೆ ಮಾರಿದ ಅಂಗಡಿಗೂ ಇರಬೇಕೇ?

ಪರ

ಬ್ಯಾಟರಿಯಿಂದ ಬೆಂಕಿಯ ಅಪಾಯವಿದೆ ಎಂದು ಕಂಪನಿ ಪ್ರಕಟಿಸಿದರೆ ಸಾಲದು, ಬಳಸುವವರ ಕಿವಿಗೆ ಅದು ಬೀಳಬೇಕು. 2006ರಲ್ಲಿ ಸೋನಿ ತಯಾರಿಸಿದ ಸೆಲ್‌ಗಳೊಳಗೆ ಲೋಹದ ಸೂಕ್ಷ್ಮ ಕಣಗಳಿಂದ ಶಾರ್ಟ್ ಸರ್ಕ್ಯೂಟ್ ಆಗಬಹುದೆಂದು ಗೊತ್ತಾದಾಗ ಡೆಲ್ ಕಂಪನಿಯೊಂದೇ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತು. ಆಪಲ್ 2019ರಲ್ಲಿ ಅಂಥದೇ ಕರೆ ಕೊಟ್ಟದ್ದು ಮುಖ್ಯವಾಗಿ 2015ರ ಸೆಪ್ಟೆಂಬರ್‌ನಿಂದ 2017ರ ಫೆಬ್ರುವರಿವರೆಗೆ ಮಾರಾಟವಾದ 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳಿಗೆ. ಅಷ್ಟು ಹೊತ್ತಿಗೆ ಎಷ್ಟೋ ಯಂತ್ರಗಳು ಕೈ ಬದಲಾಯಿಸಿರುತ್ತವೆ.

ತುಮಕೂರಿನಲ್ಲಿ ಓದಲು ಪಾವಗಡ, ಶಿರಾ, ಮಧುಗಿರಿಯಿಂದ ಬಂದ ಮಕ್ಕಳು ಕಂಪನಿಯ ಇಂಗ್ಲಿಷ್ ಜಾಲತಾಣಕ್ಕೆ ಹೋಗಿ ಸೀರಿಯಲ್ ನಂಬರ್ ಹಾಕಿ ನೋಡುತ್ತಾರೆಯೇ? ಇಂಥದೊಂದು ಪ್ರಕಟಣೆ ಇದೆಯೆಂಬುದೇ ಅವರಿಗೆ ತಿಳಿದಿರುವುದಿಲ್ಲ. ಅಂಗಡಿಯ ಬಿಲ್ಲಿನಲ್ಲಿ ಅವರ ಮೊಬೈಲ್ ಸಂಖ್ಯೆಯಿದೆ. ದೀಪಾವಳಿ ರಿಯಾಯಿತಿಯ ಸಂದೇಶ ತಲುಪುವ ಅದೇ ಸಂಖ್ಯೆಗೆ ಈ ಎಚ್ಚರಿಕೆಯೂ ಕನ್ನಡದಲ್ಲಿ ತಲುಪಲಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಂ ಅಪಾಯಕಾರಿ ಸರಕನ್ನು ವಾಪಸ್ ಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ತಯಾರಕರ ಎಚ್ಚರಿಕೆಯನ್ನು ಮಾರುವಾಗ ತಿಳಿಸದೆ, ಅದರಿಂದಲೇ ಹಾನಿಯಾದರೆ ಮಾರಿದವರೂ ಹೊಣೆ ಎನ್ನುತ್ತದೆ 86ನೇ ಕಲಂ. ಆದರೆ ಬ್ಯಾಟರಿಯ ದೋಷ ಹೊರಬೀಳುವುದು ಮಾರಿದ ಮೇಲೆ. ಆ ಎಚ್ಚರಿಕೆಯನ್ನು ಮುಟ್ಟಿಸುವುದೂ ಬ್ಯಾಟರಿಯನ್ನು ಪಡೆದುಕೊಳ್ಳುವುದೂ ಲಾಭ ಪಡೆದ ಅಂಗಡಿಯ ಕರ್ತವ್ಯವಾಗಬೇಕು.

ವಿರೋಧ

ಫೋನ್ ಮಾಡಿ ತಿಳಿಸುವುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಬ್ಯಾಟರಿಯನ್ನು ಅಂಗಡಿಗೆ ತಂದುಕೊಡಿ ಎನ್ನುವುದಕ್ಕೆ ನನ್ನ ಆಕ್ಷೇಪ.

ಲಿಥಿಯಂ ಸೆಲ್ಲಿನ ಎರಡು ಧ್ರುವಗಳನ್ನು ಬೇರೆಯಾಗಿಡುವ ಒಳಪರದೆ ಒಮ್ಮೆ ಹರಿದರೆ ಶಾಖ ಹುಟ್ಟುತ್ತದೆ, ಶಾಖದಿಂದ ರಾಸಾಯನಿಕ ಕ್ರಿಯೆ ಬಿರುಸಾಗುತ್ತದೆ, ಅದರಿಂದ ಇನ್ನಷ್ಟು ಶಾಖ. ಪಕ್ಕದ ಸೆಲ್ಲಿಗೂ ಅದು ಹಬ್ಬುತ್ತದೆ. ಅಂಥದ್ದನ್ನು ಚೀಲದಲ್ಲಿಟ್ಟುಕೊಂಡು ಪಾವಗಡದಿಂದ ತುಂಬಿದ ಬಸ್ಸಿನಲ್ಲಿ ತುಮಕೂರಿಗೆ ಬನ್ನಿ ಎನ್ನಬೇಕೇ? ಬಂದ ಮೇಲೆ ಅದನ್ನು ಇಡುವುದೆಲ್ಲಿ? ಅಶೋಕ ರಸ್ತೆಯ ಸಣ್ಣ ಮಳಿಗೆಯ ಹಿಂಬದಿಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಇಂಥ ಹತ್ತಾರು ಬ್ಯಾಟರಿಗಳು ಕೂಡಿಕೊಂಡರೆ ಒಬ್ಬನ ಮೇಜಿನ ಮೇಲಿದ್ದ ಅಪಾಯ ಇಡೀ ಬೀದಿಯದಾಗುತ್ತದೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ತರಬೇತಿಯಿಲ್ಲದ ಹುಡುಗ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಸೆಲ್ ತೂತಾಗಬಹುದು. ತಿಂಗಳ ಸಂಬಳಕ್ಕೆ ದುಡಿಯುವ ಆ ಹುಡುಗನ ಕೈಗೆ ಈ ಕೆಲಸ ಕೊಡುವುದು ಅನ್ಯಾಯ.

2016ರಲ್ಲಿ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನು ವಾಪಸ್ ಪಡೆಯಲು ಸ್ಯಾಮ್‌ಸಂಗ್ ಬೆಂಕಿ ತಡೆಯುವ ಪೆಟ್ಟಿಗೆಗಳನ್ನು ಗ್ರಾಹಕರಿಗೆ ಕಳುಹಿಸಿತ್ತು. ತಯಾರಕರಿಗೆ ಅದು ಸಾಧ್ಯ, ಅಂಗಡಿಯವರಿಗಲ್ಲ. ಹೊಣೆಯನ್ನು ಅಂಗಡಿಗೂ ಹಂಚಿದ ದಿನ ಕಂಪನಿ ಹಿಂದೆ ಸರಿಯುತ್ತದೆ, ಗ್ರಾಹಕ ಇಬ್ಬರ ನಡುವೆ ಅಲೆಯುತ್ತಾನೆ ಎಂಬುದೇ ನನ್ನ ದೊಡ್ಡ ಆತಂಕ.

ಅಂಗಡಿಯವರು ಹೇಳಬೇಕಾದದ್ದು ಇಷ್ಟು: ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಹಾಸಿಗೆಯಿಂದ ದೂರವಿಡಿ, ಕಂಪನಿಯವರು ಬರುವವರೆಗೆ ಮುಟ್ಟಬೇಡಿ. ತರಬೇತಿ ಪಡೆದವರನ್ನು ಪೆಟ್ಟಿಗೆಯೊಂದಿಗೆ ಪಾವಗಡದ ಆ ಮನೆಗೇ ಕಳುಹಿಸುವುದು ಕಂಪನಿಯ ಕೆಲಸ, ಅದರ ಖರ್ಚೂ ಕಂಪನಿಯದೇ.