ಸತ್ಯಾಂಶ: ಒಳಗೋಡೆಯ ತೇವಕ್ಕೆ ಜಲನಿರೋಧಕ ಬಣ್ಣ ಸಾಕೇ?

ಒದ್ದೆ ಗೋಡೆಯ ಒಳಮೈಗೆ ಜಲನಿರೋಧಕ ಬಣ್ಣ ಬಳಿದರೆ ತೇವ ಶಾಶ್ವತವಾಗಿ ನಿಲ್ಲುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ, ಇದು ನಿಜವಲ್ಲ. ಸೋರುವ ಕೊಳವೆಯಿಂದಲೋ, ಹೊರಗೋಡೆಯ ಬಿರುಕಿನಿಂದಲೋ, ಅಡಿಪಾಯದಿಂದ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿಯೋ ಬರುವ ನೀರನ್ನು ಆ ಬಣ್ಣ ಕೆಲಕಾಲ ಮರೆಮಾಡುತ್ತದೆಯೇ ಹೊರತು ಅದರ ಮೂಲವನ್ನು ಮುಚ್ಚುವುದಿಲ್ಲ. ನೀರಿನೊಂದಿಗೆ ಬಂದ ಲವಣಗಳು ಬಣ್ಣದ ಹಿಂದೆ ಹರಳುಗಟ್ಟಿ, ಗುಳ್ಳೆಯೆಬ್ಬಿಸಿ, ಕೊನೆಗೆ ಗಾರೆಯನ್ನೇ ಪುಡಿಮಾಡುತ್ತವೆ. ಗೋಡೆ ಹಾಳಾಗುವುದನ್ನು ದಿನವೂ ನೋಡುವವರು ಸುಲಭ ಪರಿಹಾರವನ್ನು ನಂಬಿ ಹಂಚಿಕೊಳ್ಳುವುದು ಸಹಜವೇ.

ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ 48 ಗಂಟೆ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿನದು, ಮುಂಬದಿಯಲ್ಲಾದರೆ ಕೋಣೆಯ ಗಾಳಿಯದು. ಬಣ್ಣದ ಡಬ್ಬಿಯ ಮೇಲಿನ ಬಳಕೆಯ ಸೂಚನೆಯನ್ನೂ ಪೂರ್ತಿ ಓದಿ; ಸಾಮಾನ್ಯವಾಗಿ ಸೋರಿಕೆಯನ್ನು ಮೊದಲು ಸರಿಪಡಿಸಬೇಕೆಂದು ಅದರಲ್ಲೇ ಹೇಳಿರುತ್ತಾರೆ.