ವಂಶವೃಕ್ಷದಲ್ಲಿ ತವರಿನ ಹೆಸರೂ ಇರಲಿ

ನಾನಿರುವ ಪೀಟರ್‌ಬರೋ ಕೆನಡಾದ ಒಂಟಾರಿಯೊದಲ್ಲಿದೆ. ಸುತ್ತಮುತ್ತ ಡೌರೊ, ಎನಿಸ್‌ಮೋರ್, ಎಮಿಲಿ, ಆಸ್ಫೊಡೆಲ್ ಅಂತ ರೈತರ ಹೋಬಳಿಗಳು. ಇಲ್ಲಿನ ಹಳೆಯ ಐರಿಷ್ ಮನೆಗಳಲ್ಲಿ ಮಾತಿಗೆ ಕೂತರೆ ಸಾಕು, ಸುದ್ದಿ 1825ಕ್ಕೆ ಹೋಗುತ್ತದೆ. ಆ ವರ್ಷ ಪೀಟರ್ ರಾಬಿನ್ಸನ್ ಎಂಬಾತ ಬ್ರಿಟಿಷ್ ಸರ್ಕಾರದ ಖರ್ಚಿನಲ್ಲಿ, ಐರ್ಲೆಂಡಿನ ಕಾರ್ಕ್‌ನಿಂದ ಒಂಬತ್ತು ಹಡಗುಗಳಲ್ಲಿ ಸುಮಾರು 2,000 ಬಡ ಐರಿಷ್ ಜನರನ್ನು ಕರೆತಂದ. ಕುಟುಂಬಕ್ಕೆ 100 ಎಕರೆ ಕಾಡು, ಒಂದು ಹಸು, ಕೊಡಲಿ, ಬಿತ್ತನೆಗೆ ಆಲೂಗಡ್ಡೆ ಮತ್ತು ಮೆಕ್ಕೆಜೋಳ ಕೊಟ್ಟರು. ಊರಿಗೆ ಅವನ ಹೆಸರೇ ಬಂತು. ಆ ಕಾಡು ಖಾಲಿ ಬಿದ್ದಿರಲಿಲ್ಲ. ಅದು ಮಿಸ್ಸಿಸಾಗ ಮೂಲನಿವಾಸಿಗಳ ನೆಲ, 1818ರ ಒಪ್ಪಂದದಲ್ಲಿ ಅವರ ಕೈತಪ್ಪಿದ್ದು. ಅದನ್ನು ಬಿಟ್ಟು ಈ ಕಥೆ ಹೇಳಬಾರದು.

ಬಂದವರಲ್ಲಿ ಬಹಳ ಮಂದಿ ಉತ್ತರ ಕಾರ್ಕ್‌ನವರು. ಇಲ್ಲಿ ಅಕ್ಕಪಕ್ಕದ ಜಮೀನು ಹಿಡಿದು, ಒಂದೇ ಚರ್ಚಿಗೆ ಹೋಗಿ, ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದರು. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾದದ್ದೂ ಉಂಟು. ಹೆಸರಿಡುವ ಪದ್ಧತಿಯಂತೂ ನಮ್ಮದೇ ಅನ್ನಿಸುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಐದು ಜನ ಅಣ್ಣತಮ್ಮಂದಿರಿದ್ದರೆ ಒಂದೇ ರಸ್ತೆಯಲ್ಲಿ ಒಂದೇ ಹೆಸರಿನ ಐವರು ಮೊಮ್ಮಕ್ಕಳು! ಇದನ್ನು ಬಿಡಿಸುವುದು ಹೇಗೆ?

ನನ್ನ ನೆರೆಯ ಹಿರಿಯ ಮಹಿಳೆಯೊಬ್ಬರು ಇದನ್ನೇ ಬಿಡಿಸುತ್ತಾ ಕೂರುತ್ತಾರೆ. ಅವರು ಗಂಡಸರ ಹೆಸರಿನ ಬೆನ್ನು ಹತ್ತುವುದೇ ಇಲ್ಲ. ಹೆಂಗಸರ ಹೆಸರು ಹುಡುಕುತ್ತಾರೆ. ಕ್ಯಾಥೊಲಿಕ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಸಾಮಾನ್ಯವಾಗಿ ತಾಯಿಯ ತವರಿನ ಮನೆತನದ ಹೆಸರೇ ಇರುತ್ತದೆ. ಜೊತೆಗೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವ ಜ್ಞಾನ ತಂದೆತಾಯಿಯರ ಹೆಸರು. ಅವರು ಹೆಚ್ಚಾಗಿ ಚಿಕ್ಕಮ್ಮನೋ ಸೋದರಮಾವನೋ ಆಗಿರುತ್ತಾರೆ. ರಸ್ತೆಯ ಆ ಬದಿ ಈ ಬದಿಯ ಎರಡು ಮನೆಗಳವರು ಬರೀ ನೆರೆಯವರು ಅಂತಲೇ ತಿಳಿದಿದ್ದರು. ಅವರ ಮುತ್ತಜ್ಜಿಯರು ಒಡಹುಟ್ಟಿದವರು ಅಂತ ಈ ಹಿರಿಯ ಮಹಿಳೆಗೆ ಗೊತ್ತಾದದ್ದು ಇಂಥದೊಂದು ಸಾಲಿನಿಂದ.

ಮದುವೆ ಪುಸ್ತಕವೂ ಸುಳಿವು ಕೊಡುತ್ತದೆ. ಆಗ ನಂಟರೊಳಗೆ ಮದುವೆಯಾಗಲು, ಇಬ್ಬರ ಮುತ್ತಜ್ಜನ ಅಪ್ಪ ಒಬ್ಬನೇ ಆಗಿದ್ದರೂ, ಚರ್ಚಿನ ವಿಶೇಷ ಅನುಮತಿ ಬೇಕಿತ್ತು. ಪಾದ್ರಿ ಅದನ್ನು ಎಷ್ಟನೇ ತಲೆಮಾರು ಅಂತ ಬರೆದಿಟ್ಟರೆ ನಂಟು ತಾನಾಗಿ ಸಿಕ್ಕಿತು. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದಕ್ಕೆ ಯಾರ ಅನುಮತಿ ಬೇಕು? ಅದು ಹಕ್ಕು ಅನ್ನುವಂತಿತ್ತು. ಹಾಗಾಗಿ ಬರೆದಿಡುವವರೂ ಇರಲಿಲ್ಲ.

ಐರ್ಲೆಂಡಿನ ಕಡೆ ದಾಖಲೆ ಕಡಿಮೆ. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟು, 19ನೇ ಶತಮಾನದ ಮೊದಲರ್ಧದ ಜನಗಣತಿಯ ಹೆಚ್ಚಿನ ಭಾಗ ಹೋಯಿತು. ಇರುವುದನ್ನಾದರೂ ಜನರ ಕೈಗೆ ಕೊಟ್ಟಿದ್ದಾರೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಹಳೆಯ ಕ್ಯಾಥೊಲಿಕ್ ಚರ್ಚ್ ಪುಸ್ತಕಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಹಾಕಿತು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಮನೆ ಮುಂದೆ ನಿಂತು, ನಮ್ಮ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳುತ್ತಾರೆ. ಯಾವ ಊರಿಂದ ವಲಸೆ ಬಂದೆವು, ಮನೆದೇವರು ಯಾವುದು, ಎಲ್ಲ ಅವರಿಗೆ ಗೊತ್ತು. ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಇಲ್ಲಿನವರಿಗೆ ಇದನ್ನು ವಿವರಿಸಿದಾಗ ಕಣ್ಣರಳಿಸಿ ಕೇಳುತ್ತಾರೆ. ಸಮುದಾಯವೇ ಸಾಕಿಕೊಂಡ ವಂಶಪಾಲಕರು ಎಷ್ಟು ಜನರಿಗೆ ಸಿಗುತ್ತಾರೆ ಹೇಳಿ. ಅವರ ಕೈಬರಹದ ಪುಸ್ತಕಗಳನ್ನು ಗೆದ್ದಲು ಹಿಡಿಯುವ ಮೊದಲು, ಅವರ ಒಪ್ಪಿಗೆ ಪಡೆದು, ಅವರಿಗೆ ತಕ್ಕ ಹಣ ಕೊಟ್ಟು ಚಿತ್ರ ತೆಗೆದಿಡಬೇಕು.

ಆದರೆ ಹೆಳವರು ಹಾಡುವುದು ಹೆಚ್ಚಾಗಿ ಅಪ್ಪನಿಂದ ಮಗನಿಗೆ ಇಳಿಯುವ ಸಾಲು. ಉಳಿದಂತೆ ನಮಗೆ ವಂಶವೃಕ್ಷ ನೆನಪಾಗುವುದು ಯಾವಾಗ? ಪೌತಿ ಖಾತೆ ಮಾಡಿಸುವಾಗ, ನಾಡಕಚೇರಿಯ ಕಿಟಕಿಯಲ್ಲಿ. ಅಲ್ಲಿ ಬೇಕಾದದ್ದು ಹಕ್ಕುದಾರರ ಹೆಸರು. ಕರ್ನಾಟಕ 1994ರಲ್ಲೇ, ದೇಶ 2005ರಲ್ಲಿ, ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಹಾಗಾಗಿ ಮಗಳ ಹೆಸರಿಗೆ ಕಾನೂನಿನಲ್ಲಿ ಜಾಗ ಸಿಕ್ಕಿದೆ. ಸೊಸೆಯ ತವರೂರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಊರಿನ ಮನೆಗಳು ಹೆಣೆದುಕೊಳ್ಳುವುದು ಹೆಂಗಸರಿಂದಲೇ ಅಲ್ವಾ? ಗಂಡಸರು ಇದ್ದಲ್ಲೇ ಇದ್ದರು. ಊರಿಂದೂರಿಗೆ, ಮನೆಯಿಂದ ಮನೆಗೆ ಹೋದವರು ಹೆಣ್ಣುಮಕ್ಕಳು. ಅವರನ್ನು ಬಿಟ್ಟರೆ ಉಳಿಯುವುದು ಒಂದಕ್ಕೊಂದು ಸಂಬಂಧವೇ ಇಲ್ಲದ ಗಂಡಸರ ಪಟ್ಟಿಗಳು.

ನನ್ನ ಅಜ್ಜಿಯ ಅಮ್ಮನ ಊರು ನಮಗೆ ಗೊತ್ತು, ಹೆಸರು ಗೊತ್ತಿಲ್ಲ. ಅದು ಗೊತ್ತಿರಬಹುದಾದ ಸೋದರತ್ತೆ ಹಾವೇರಿಯಲ್ಲಿದ್ದಾರೆ. ಈಗ ಭಾನುವಾರಗಳಂದು ಅವರಿಗೆ ಫೋನ್ ಮಾಡುತ್ತೇನೆ. ಯಾರ ಮದುವೆ ಯಾವ ಊರಲ್ಲಾಯಿತು, ಬಾಣಂತನಕ್ಕೆ ಯಾರು ಬಂದಿದ್ದರು, ತೊಟ್ಟಿಲಲ್ಲಿ ಹೆಸರು ಕರೆದ ಸೋದರತ್ತೆ ಯಾರು ಅಂತ ಕೇಳುತ್ತೇನೆ. ಅವರು ಹೇಳುತ್ತಾ ಹೋಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ.